ಅಂಕಣದ ಹೊರಗೆ ಕೂತವರು

ಕಬಡ್ಡಿ ತಂಡದಲ್ಲಿ 12 ಮಂದಿ. ಅಂಕಣಕ್ಕಿಳಿಯುವವರು 7, ಉಳಿದ ಐವರು ಗೆರೆಯಾಚೆ ಕೂತು ಗಂಟಲು ಹರಿಯುವಂತೆ ಕೂಗುತ್ತಾರೆ. ನಲವತ್ತು ಮಕ್ಕಳ ತರಗತಿಯಲ್ಲಿ ಆ ಹನ್ನೆರಡರೊಳಗೂ ಸೇರದವರು ಇಪ್ಪತ್ತೆಂಟು. ಶಾಲೆಗೆ ಕ್ರೀಡಾ ಕಾದಂಬರಿ ಆರಿಸುವಾಗ ಮೊದಲು ನೆನೆಯಬೇಕಾದದ್ದು ಈ ಇಪ್ಪತ್ತೆಂಟು ಮಂದಿಯನ್ನು.

ಆಗುವುದು ಬೇರೆಯೇ. ಪುಸ್ತಕ ಕಂಡರೆ ಮಾರು ದೂರ ಓಡುವ, ಚೆಂಡು ಕಂಡರೆ ಊಟ ಬಿಡುವ ಹುಡುಗನಿಗೆ ‘ಇದಾದರೂ ಓದು’ ಎಂದು ಕೊಡುತ್ತೇವೆ. ಕಾದಂಬರಿ ಗಾಳಕ್ಕೆ ಸಿಕ್ಕಿಸಿದ ಎರೆಹುಳುವಾಗುತ್ತದೆ. ಆ ಹುಡುಗ ದಡ್ಡನೇನಲ್ಲ. ಕೊನೆಯ ಎಸೆತಕ್ಕೆ ಸಿಕ್ಸರ್, ಆಮೇಲೆ ಹೆಗಲ ಮೇಲೆ ಮೆರವಣಿಗೆ ಎಂಬುದನ್ನು ಎರಡನೇ ಪುಟದಲ್ಲೇ ಊಹಿಸಿ ಮಡಚಿಡುತ್ತಾನೆ. ಆಡುವವನು ದಿನಾ ಸೋಲುತ್ತಿರುತ್ತಾನೆ. ಸೋಲಿನ ರುಚಿ ಅರಿಯದ ಪುಸ್ತಕವನ್ನು ಅವನು ನಂಬುವುದಿಲ್ಲ.

ಬಂಗಾಳಿಯ ಮೋತಿ ನಂದಿ ಕ್ರೀಡಾ ಪತ್ರಕರ್ತರಾಗಿದ್ದವರು. ಅವರ ‘ಕೋನಿ’ ಉತ್ತರ ಕಲ್ಕತ್ತೆಯ ಕೊಳೆಗೇರಿಯ ಹುಡುಗಿ. ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ಅನ್ನದ್ದೇ ಚಿಂತೆ. ಅವಳನ್ನು ಈಜುಗಾರ್ತಿಯಾಗಿಸಲು ಹೊರಟ ಕ್ಷಿತೀಶ, ತಾನೇ ಕ್ಲಬ್ಬಿನಿಂದ ಹೊರಬಿದ್ದ ತರಬೇತುದಾರ. ಕಾದಂಬರಿಯ ಗಟ್ಟಿ ಪುಟಗಳು ನೀರಿನಾಚೆ ನಡೆಯುತ್ತವೆ. ರಾಷ್ಟ್ರೀಯ ಸ್ಪರ್ಧೆಗೆಂದು ಮದ್ರಾಸಿಗೆ ಕರೆದೊಯ್ದು, ಅಲ್ಲಿ ಕೋನಿಯನ್ನು ಸುಮ್ಮನೆ ಕೂರಿಸುತ್ತಾರೆ. ಕೊನೆಗೆ ರಿಲೇಗೆ ಒಬ್ಬಳು ಕಡಿಮೆ ಬಿದ್ದಾಗ ಅವಳ ನೆನಪಾಗುತ್ತದೆ. ಆಯ್ಕೆಯ ಹಿಂದಿನ ಆಟವನ್ನು ಹತ್ತಿರದಿಂದ ಕಂಡವರು ಬರೆದ ಪುಟಗಳಿವು.

ಅಮೆರಿಕದ ಕ್ವಾಮೆ ಅಲೆಕ್ಸಾಂಡರ್ ಅವರ ‘ದಿ ಕ್ರಾಸ್‌ಓವರ್’ (2014) ಬ್ಯಾಸ್ಕೆಟ್‌ಬಾಲ್ ಆಡುವ ಅವಳಿ ಸೋದರರ ಕಥೆ, ಪದ್ಯದಲ್ಲಿ. ಭಾಗಗಳಿಗೆ ಪಂದ್ಯದ ಕ್ವಾರ್ಟರ್‌ಗಳದ್ದೇ ಹೆಸರು. 2015ರ ನ್ಯೂಬೆರಿ ಪದಕ ಇದಕ್ಕೆ ಸಂದಿತು. ಮುನಿಸಿನಲ್ಲಿ ಜಾಶ್ ಎಸೆದ ಚೆಂಡು ಸೋದರನ ಮುಖಕ್ಕೆ ಬಡಿಯುತ್ತದೆ, ಜಾಶ್ ಅಮಾನತಾಗುತ್ತಾನೆ. ಅವನ ಆಟ ನಿಂತ ಆ ದಿನಗಳಲ್ಲಿ ಕಥೆಯ ಭಾರವೆಲ್ಲ ಮನೆಯತ್ತ ಸರಿಯುತ್ತದೆ, ಡಾಕ್ಟರ ಬಳಿ ಹೋಗಲೊಲ್ಲದ ಅಪ್ಪನತ್ತ.

ಒಂದು ಈಜು, ಒಂದು ಬ್ಯಾಸ್ಕೆಟ್‌ಬಾಲ್. ಎರಡರ ಜೀವವೂ ಬೆಂಚಿನ ಮೇಲಿದೆ.

ಆರಿಸಲು ನಮ್ಮದೊಂದು ಸುಲಭ ಪರೀಕ್ಷೆ. ಪಂದ್ಯದ ಒಂದು ಪುಟವನ್ನು ಆ ಆಟವೇ ಗೊತ್ತಿಲ್ಲದ ಮಗುವಿಗೆ ಗಟ್ಟಿಯಾಗಿ ಓದಿ. ಮಗು ಉಸಿರು ಬಿಗಿಹಿಡಿದರೆ ಪುಸ್ತಕವನ್ನು ತರಗತಿಗೆ ತನ್ನಿ. ನಿಯಮ ವಿವರಿಸಬೇಕಾಗಿ ಬಂದರೆ ಆಟ ಬಲ್ಲ ಮಗುವಿಗೇ ಚಾಕ್‌ಪೀಸ್ ಕೊಡಿ. ಲೆಕ್ಕದಲ್ಲಿ ಹಿಂದಿರುವ ಹುಡುಗಿ ಕರಿಹಲಗೆಯ ಮೇಲೆ ಅಂಕಣ ಬಿಡಿಸಿ ಬೋನಸ್ ಗೆರೆ ತೋರಿಸುವಾಗ ಅವತ್ತಿನ ಮೇಷ್ಟ್ರು ಅವಳೇ.

ಪಂದ್ಯ ಮುಗಿಯುವ ಮುನ್ನ ಪುಸ್ತಕ ಮುಚ್ಚಿ, ‘ಉಳಿದದ್ದು ನಾಳೆ’ ಎನ್ನಿ. ಆ ಸಂಜೆ ಮಕ್ಕಳು ಉಳಿದ ಆಟಕ್ಕೆ ರೇಡಿಯೊದವರಂತೆ ವೀಕ್ಷಕ ವಿವರಣೆ ಬರೆಯಲಿ. ಚಿಮ್ಮು, ನುಸುಳು, ಜಾರು, ಎಗರು: ಕ್ರಿಯಾಪದದ ಪಾಠ ಬೇರೆ ಬೇಕಿಲ್ಲ. ಮರುದಿನ ಅದೇ ಗಳಿಗೆಯನ್ನು ಆಯ್ಕೆಯಾಗದವಳ ಕಣ್ಣಿಂದ ಬರೆಯಲಿ.

‘ಕಥೆಯ ನೀತಿಯೇನು?’ ಎಂದು ಮಾತ್ರ ಕೇಳಬೇಡಿ. ‘ಕೋನಿ’ ಪಶ್ಚಿಮ ಬಂಗಾಳದ ಹತ್ತನೇ ತರಗತಿಗೆ ಸಹಾಯಕ ಪಠ್ಯವಾಗಿದೆ. ಅದು ಭಾಗ್ಯವೂ ಹೌದು, ಗಂಡಾಂತರವೂ ಹೌದು. ಈಜಿನ ಏದುಸಿರನ್ನು ಐದು ಅಂಕದ ಪಾತ್ರಪರಿಚಯಕ್ಕೆ ಇಳಿಸಿದರೆ ಕೋನಿ ಮತ್ತೊಮ್ಮೆ ದಡದಲ್ಲೇ ಕೂರುತ್ತಾಳೆ.

ಕನ್ನಡದಲ್ಲೂ ಇಂಥ ಕಾದಂಬರಿಗಳು ಇನ್ನಷ್ಟು ಬರಬೇಕು. ಬರೆಯುವವರಿಗೆ ನಮ್ಮದೊಂದು ಸೂಚನೆ: ಖೋಖೋ ನೋಡಿ. ಅಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಅಂಕಣದ ನಡುವೆ ಕೂತೇ ಇರುತ್ತಾರೆ. ಆದರೆ ಅವರು ನೋಡುಗರಲ್ಲ. ಕಾಲು ಮಡಚಿ, ಕಿವಿ ನಿಮಿರಿಸಿ, ಬೆನ್ನ ಮೇಲೆ ಬೀಳುವ ಒಂದು ತಟ್ಟಿಗೆ, ಒಂದು ‘ಖೋ’ಗೆ ಕಾದಿದ್ದಾರೆ. ತರಗತಿಯ ಇಪ್ಪತ್ತೆಂಟು ಮಂದಿಯೂ ಹಾಗೇ ಕೂತಿದ್ದಾರೆ.

– ಸಂಪಾದಕ