ಸೀಗಿ ಹುಣ್ಣಿಮೆಯ ನಡಿಗೆ

ಆಶ್ವೀಜದ ಸೀಗಿ ಹುಣ್ಣಿಮೆಗೆ ಧಾರವಾಡ ಸೀಮೆಯ ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಪೈರು ಹೊತ್ತ ಭೂತಾಯಿ ಬಸುರಿ. ಅದು ಅವಳಿಗೆ ಉಣಿಸುವ ಬಯಕೆಯ ಊಟ. ಆ ದಿನಗಳಲ್ಲಿ ಗರಗದ ಹೊಲದ ದಾರಿ ಹಿಡಿದು ಗೆಳೆಯರೊಡನೆ ನಡೆಯುವ ಹುಡುಗರಿಗೆ ಎರೆಮಣ್ಣು, ಹಳ್ಳದ ದಂಡೆಯ ಗಿಡಗಂಟಿ ಎಲ್ಲವೂ ಪಾಠವೇ.

ಊರೊಳಗೆ ಇನ್ನೊಂದು ಪಾಠವಿದೆ. 1954ರಲ್ಲಿ ಹುಟ್ಟಿದ ಇಲ್ಲಿನ ಖಾದಿ ಸಂಘ ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದದ್ದು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ನೇಯ್ದ, ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ಸಿಕ್ಕಿತು. ಅಗ್ಗದ ಆ ಬಟ್ಟೆಯೆದುರು ಕೈನೂಲು ನಿಲ್ಲುವುದು ಕಷ್ಟ. ನೂಲುವವರ, ನೇಯುವವರ ಅನ್ನದ ಪ್ರಶ್ನೆಯಿದು.

ಹೊಲವನ್ನೂ ಮಗ್ಗವನ್ನೂ ಒಂದೇ ನಡಿಗೆಯಲ್ಲಿ ಕಂಡ ಮಗು, ಮುಂದಿನ ಆಗಸ್ಟ್ 15ಕ್ಕೆ ಧ್ವಜ ಕೊಳ್ಳುವಾಗ ಬಟ್ಟೆಯನ್ನೊಮ್ಮೆ ಮುಟ್ಟಿ ನೋಡೀತು.