ದ್ರೋಹವೆಂಬ ಮಾತು ಬೇಡ

ಕಳೆದ ತಿಂಗಳು ವಡೋದರೆಯ ನಮ್ಮ ಕನ್ನಡ ಬಳಗದವರು ರಾಜ್ಯೋತ್ಸವದ ಸಿದ್ಧತೆಗೆಂದು ಸದಸ್ಯರೊಬ್ಬರ ಮನೆಯಲ್ಲಿ ಸೇರಿದ್ದೆವು. ಒಳಗೆ ಹಿರಿಯರು ಕಾರ್ಯಕ್ರಮದ ಪಟ್ಟಿ ಮಾಡುತ್ತಿದ್ದರೆ, ಹೊರಗೆ ಜಗಲಿಯಲ್ಲಿ ಮೂವರು ತರುಣರು ದನಿಯೇರಿಸಿ ವಾದಿಸುತ್ತಿದ್ದರು. ವಾದದ ವಸ್ತು ಜರ್ಮನಿಯ ಹ್ಯಾಂಬರ್ಗ್ ನಗರದ ಹೆಲೋವೀನ್ ಎಂಬ ವಾದ್ಯತಂಡ. ‘1988ಕ್ಕೇ ಅವರ ಸಂಗೀತ ಮುಗಿಯಿತು. ಆಮೇಲೆ ಮಾಡಿದ್ದೆಲ್ಲ ಅಭಿಮಾನಿಗಳಿಗೆ ಬಗೆದ ದ್ರೋಹ’ ಎಂದು ಒಬ್ಬನು ತೀರ್ಪು ಕೊಟ್ಟನು. 1988ರಲ್ಲಿ ಆ ಮೂವರಲ್ಲಿ ಒಬ್ಬನೂ ಹುಟ್ಟಿರಲಿಲ್ಲ.

ಅದೇ ಹೊತ್ತಿಗೆ ಒಳಗೂ ಒಂದು ತೀರ್ಪು ಹೊರಬಿತ್ತು. ಗಿಟಾರು, ಡ್ರಮ್ಸ್ ಇಟ್ಟುಕೊಂಡು ತಾವೇ ಕಟ್ಟಿದ ಎರಡು ಕನ್ನಡ ಹಾಡುಗಳನ್ನು ಹಾಡಲು ಇಪ್ಪತ್ತು ನಿಮಿಷ ಬೇಕೆಂದು ಇದೇ ತರುಣರು ಕೇಳಿದ್ದರು. ‘ನಮ್ಮ ಉತ್ಸವಕ್ಕೆ ಒಂದು ಶೈಲಿಯಿದೆ. ಅದನ್ನು ಕೆಡಿಸಿದರೆ ಹಿಂದಿನವರಿಗೆ ದ್ರೋಹ ಮಾಡಿದಂತೆ’ ಎಂದು ಸಭೆ ಆ ಕೋರಿಕೆಯನ್ನು ತಳ್ಳಿಹಾಕಿತು. ನಾನೂ ಅಲ್ಲಿ ಕುಳಿತಿದ್ದೆ, ಬಾಯಿ ತೆರೆಯಲಿಲ್ಲ. ಮನೆಗೆ ಮರಳುವಾಗ, ಒಳಗೂ ಹೊರಗೂ ಕೇಳಿದ ಮಾತು ಒಂದೇ ಎಂಬುದು ಹೊಳೆಯಿತು. ನನ್ನ ತಕರಾರು ಆ ಮಾತಿನ ಮೇಲೆ.

ತರುಣರ ವಾದವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಪವರ್ ಮೆಟಲ್ ಎಂದರೆ ಬಿರುಸಾದ ಲಯ, ತಾರಸ್ಥಾಯಿಯಲ್ಲಿ ಏರಿ ನಿಲ್ಲುವ ಕಂಠ, ಸಭೆಯೆಲ್ಲ ದನಿಗೂಡಿಸಬಲ್ಲ ಪಲ್ಲವಿ, ವೀರರ ಹಾಗೂ ಕಲ್ಪಿತ ಲೋಕಗಳ ಕಥೆ. 1987 ಮತ್ತು 1988ರಲ್ಲಿ ಎರಡು ಭಾಗಗಳಾಗಿ ಬಂದ ‘ಕೀಪರ್ ಆಫ್ ದ ಸೆವೆನ್ ಕೀಸ್’ ಮೂಲಕ ಆ ಪ್ರಕಾರಕ್ಕೆ ಅಚ್ಚು ಹಾಕಿಕೊಟ್ಟದ್ದೇ ಹೆಲೋವೀನ್. 1993ರಲ್ಲಿ ಅವರು ಆ ಅಚ್ಚನ್ನು ಬದಿಗಿಟ್ಟು, ಬಗೆಬಗೆಯ ಸಂಗೀತ ಬೆರೆತ ಧ್ವನಿಮುದ್ರಿಕೆಯೊಂದನ್ನು ತಂದರು. ಅದರ ಹೆಸರು ‘ಕೆಮೀಲಿಯನ್’, ಅಂದರೆ ಊಸರವಳ್ಳಿ. ಅಭಿಮಾನಿಗಳು ಅದನ್ನು ತಿರಸ್ಕರಿಸಿದರು. ಗಾಯಕ ಮೈಕೆಲ್ ಕಿಸ್ಕೆ ತಂಡದಿಂದ ಹೊರಬಿದ್ದರು. ಮರುವರ್ಷವೇ ತಂಡ ಹಳೆಯ ದಾರಿಗೆ ಮರಳಿತು. ‘ನೋಡಿ, ಅಭಿಮಾನಿಗಳು ಹೇಳಿದ್ದೇ ನಿಜವಾಯಿತಲ್ಲ!’ ಎಂದು ಜಗಲಿಯ ನ್ಯಾಯಾಧೀಶನು ಗೆಲುವಿನ ನಗೆ ನಕ್ಕನು.

ನಿಜವಾದದ್ದು ಎಷ್ಟು? ಆ ಒಂದು ಪ್ರಯೋಗ ಫಲಿಸಲಿಲ್ಲ ಎಂಬುದಷ್ಟೇ. ಅದನ್ನು ಹೇಳುವ ಹಕ್ಕು ಕೇಳುಗನಿಗೆ ಖಂಡಿತ ಉಂಟು. ಆದರೆ 1994ರಲ್ಲಿ ಮರಳಿದ ತಂಡ ಹಳೆಯ ತಂಡವಾಗಿರಲಿಲ್ಲ. ಆಂಡಿ ಡೆರಿಸ್ ಎಂಬ ಹೊಸ ಗಾಯಕ ಬಂದಿದ್ದರು; ಅವರ ಕಂಠದ ಗುಣವೇ ಬೇರೆ. ನಿಜವಾದ ಹೆಲೋವೀನ್ ಯಾರದು, ಕಿಸ್ಕೆಯದೋ ಡೆರಿಸ್‌ನದೋ ಎಂದು ಅಭಿಮಾನಿಗಳು ಮತ್ತೆ ಕಚ್ಚಾಡಿದರು. 2017ರಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ ನಿಂತು ಹಾಡಿದರು. 2021ರಲ್ಲಿ ಒಂದೇ ಧ್ವನಿಮುದ್ರಿಕೆಯಲ್ಲಿ ಇಬ್ಬರ ಕಂಠವೂ ಬಂತು. ಯಾರ ಹೆಸರಿನಲ್ಲಿ ಜಗಳ ನಡೆದಿತ್ತೋ ಆ ಇಬ್ಬರು ಜೊತೆಯಾಗಿ ಹಾಡುತ್ತಿದ್ದಾರೆ. ಜಗಳ ಮಾತ್ರ ನಮ್ಮ ಜಗಲಿಯಲ್ಲಿ ಇನ್ನೂ ಉಳಿದಿದೆ.

ನಮ್ಮ ಬೆಂಗಳೂರಿನ ಉದಾಹರಣೆ ಇನ್ನೂ ಸೋಜಿಗದ್ದು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಥ್ರ್ಯಾಶ್ ಎಂಬ ಕಟುವಾದ ಶೈಲಿಯಿಂದ ಹೊರಟು, 2016ರ ‘ಬರ್ನ್ ಅಪ್ ದ ನೈಟ್’ ಹೊತ್ತಿಗೆ ಎಂಬತ್ತರ ದಶಕದ ಹೆವಿ ಮೆಟಲ್ಲಿನ ಕಡೆಗೆ ಬಂದಿತು. ಒರಟು ಕಂಠ ಹಾಗೆಯೇ ಉಳಿಯಿತು, ಗಿಟಾರುಗಳು ಇಂಪಾದವು. ಇಲ್ಲಿ ತಂಡದ ‘ಹೊಸ’ ಶೈಲಿ ಅದರ ‘ಹಳೆಯ’ ಶೈಲಿಗಿಂತ ಹಳೆಯದು! ಹಾಗಿದ್ದರೆ ‘ಹಳೆಯದನ್ನು ಬಿಟ್ಟರು’ ಎಂದು ಗೊಣಗುವವರು ಕಾಪಾಡಹೊರಟಿರುವುದು ಯಾವ ಹಳತನ್ನು? ತಾವು ಮೊದಲು ಕೇಳಿದ ದಿನವನ್ನು. ಆ ದಿನದ ವಯಸ್ಸನ್ನು, ಗೆಳೆಯರನ್ನು, ಊರನ್ನು. ಅದು ದೊಡ್ಡ ಸಂಪತ್ತೇ ಸರಿ. ಆದರೆ ಅದನ್ನು ಕಾಯುವ ಕೆಲಸಕ್ಕೆ ಕಲಾವಿದನನ್ನು ನೇಮಿಸಿಕೊಳ್ಳಲು ಬರುವುದಿಲ್ಲ.

ಒಳಗೆ ಕುಳಿತ ಹಿರಿಯರಿಗೆ ಗಿಟಾರಿನ ಮಾತು ರುಚಿಸಲಾರದು. ಅವರು ಭಕ್ತಿಯಿಂದ ಕೇಳುವ ಹೆಸರನ್ನೇ ತೆಗೆದುಕೊಳ್ಳುತ್ತೇನೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಎಂಬ ಬಾಲಕ, ಗ್ರಾಮೋಫೋನಿನಲ್ಲಿ ಕೇಳಿದ ಉಸ್ತಾದರ ಗಾಯನವನ್ನು ಯಥಾವತ್ತಾಗಿ ಹಾಡಿ ಸಭೆಗಳನ್ನು ಬೆರಗುಗೊಳಿಸಿದನು. ಕುಮಾರ ಗಂಧರ್ವ ಎಂಬ ಬಿರುದು ಬಂದದ್ದು ಆಗಲೇ. 1947ರಲ್ಲಿ ಕ್ಷಯರೋಗ ತಗುಲಿತು. ಒಣಹವೆಗಾಗಿ ದೇವಾಸಿಗೆ ಹೋದರು. ನಮ್ಮ ವಡೋದರೆಯಿಂದ ಗೋಧ್ರಾ, ದಾಹೋದ್ ದಾಟಿದರೆ ಸಿಗುವ ಅದೇ ಮಾಳವ ಸೀಮೆ. ಅಲ್ಲಿ ವರ್ಷಗಟ್ಟಲೆ ಹಾಡಬಾರದೆಂಬ ವೈದ್ಯರ ಕಟ್ಟಪ್ಪಣೆ. ಹಾಸಿಗೆಯಲ್ಲಿ ಮಲಗಿ ಅವರು ಮಾಳವದ ಹಳ್ಳಿಗರ ಹಾಡುಗಳಿಗೆ ಕಿವಿಗೊಟ್ಟರು. 1953ರ ಸುಮಾರಿಗೆ ವೇದಿಕೆಗೆ ಮರಳಿದಾಗ ಒಂದು ಶ್ವಾಸಕೋಶ ಕೆಟ್ಟಿತ್ತು. ಗಾಯನ ಚಿಕ್ಕ ಚಿಕ್ಕ ಉಸಿರುಗಳಲ್ಲಿ ಚಿಮ್ಮತೊಡಗಿತು. ಜನಪದ ಧಾಟಿಗಳಿಂದ ಹೊಸ ರಾಗಗಳು ಹುಟ್ಟಿದವು.

‘ಇದು ಯಾವ ಘರಾನೆ?’ ಎಂದು ಸಂಪ್ರದಾಯದವರು ಹುಬ್ಬುಗಂಟಿಕ್ಕಿದರು. ಅವರ ಮಾತಿಗೆ ಕುಮಾರರು ತಲೆಬಾಗಿದ್ದರೆ ನಮಗೆ ಸಿಗುತ್ತಿದ್ದುದೇನು? ಮಹಾನುಭಾವರ ಧ್ವನಿಮುದ್ರಿಕೆಗಳನ್ನು ನಕಲು ಮಾಡಬಲ್ಲ, ವಯಸ್ಸಾದ ಒಬ್ಬ ಬಾಲಪ್ರತಿಭೆ. ಅವರ ಕಬೀರ ಭಜನೆಗಳನ್ನು ಕೇಳಿ ಇಂದು ಕಣ್ಣು ಒದ್ದೆ ಮಾಡಿಕೊಳ್ಳುವ ನಮ್ಮ ಬಳಗದ ಹಿರಿಯರು, 1953ರ ಆ ಸಭೆಯಲ್ಲಿದ್ದರೆ ಯಾವ ಸಾಲಿನಲ್ಲಿ ಕುಳಿತಿರುತ್ತಿದ್ದರೆಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ನಾವಿರುವ ಊರಿಗಾದರೂ ಈ ಪಾಠ ಹೊಸದಲ್ಲ. 1886ರಲ್ಲಿ ಇಲ್ಲಿ ಗಾಯನಶಾಲೆ ತೆರೆದ ಮೌಲಾಬಕ್ಷ್ ಅವರು ಹಿಂದುಸ್ತಾನಿ ಗಾಯಕರಾಗಿದ್ದೂ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತು ಬಂದವರು. ಸುರಸಾಗರ ಕೆರೆಯ ಎದುರಿನ ಸಂಗೀತ ಮಹಾವಿದ್ಯಾಲಯದ ಮೂಲ ಆ ಗಾಯನಶಾಲೆಯಲ್ಲೇ ಇದೆ. ಅದರ ಮುಂದೆ ದಿನವೂ ಓಡಾಡುವ ನಾವು ಶೈಲಿ ಕೆಡುತ್ತದೆಂದು ಹೆದರುತ್ತಿದ್ದೇವೆ!

ಬದಲಾದುದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಯ ಗಾಳಿ ನೋಡಿ ಬಣ್ಣ ಬದಲಿಸುವವರಿದ್ದಾರೆ. ಶಕ್ತಿ ಕುಂದಿದ್ದನ್ನು ಪ್ರಯೋಗವೆಂದು ಕರೆದುಕೊಳ್ಳುವವರೂ ಇದ್ದಾರೆ. ಅಂಥವರನ್ನು ಹಾಡು ಹಾಡಾಗಿ ಬಿಡಿಸಿ ಟೀಕಿಸಬೇಕು. ಈ ಪಲ್ಲವಿ ಸಪ್ಪೆ, ಈ ಲಯ ಎರವಲು, ಈ ಕಂಠಕ್ಕೆ ಈ ಸ್ಥಾಯಿ ಒಗ್ಗದು ಎನ್ನಬೇಕು. ಹಾಗೆನ್ನಲು ಪೂರ್ತಿ ಕೇಳಿರಬೇಕಾಗುತ್ತದೆ. ‘ದ್ರೋಹ’ ಎನ್ನಲು ಕೇಳುವ ಅಗತ್ಯವೇ ಇಲ್ಲ. ಆ ಮಾತಿನ ಅನುಕೂಲವೂ ಅಪಾಯವೂ ಅದೇ.

ಹೊರನಾಡಿನಲ್ಲಿರುವ ನಮಗೆ ಈ ಅಪಾಯ ಹೆಚ್ಚು. ನಾನು ಇಪ್ಪತ್ತೇಳು ವರ್ಷದ ಹಿಂದೆ ಊರು ಬಿಟ್ಟೆ. ಬಿಟ್ಟ ದಿನದ ಧಾರವಾಡವೇ ನನ್ನ ಪಾಲಿನ ಧಾರವಾಡ. ಹೋದಾಗಲೆಲ್ಲ ಅಲ್ಲಿನ ಮಾತು, ಅಂಗಡಿ, ಹಾಡು ಬದಲಾಗಿವೆಯೆಂದು ಸಂಕಟಪಡುತ್ತೇನೆ. ಅಲ್ಲಿಯವರಿಗೆ ಅದು ದಿನದಿನದ ಬದುಕು. ನಮ್ಮ ಮಕ್ಕಳಿಗಂತೂ ಆ ಧಾರವಾಡದ ನೆನಪೇ ಇಲ್ಲ. ಶಾಲೆಯಲ್ಲಿ ಗುಜರಾತಿ, ಹಿಂದಿ, ಇಂಗ್ಲಿಷ್ ಕಲಿತ ಆ ಹುಡುಗರು ತಮ್ಮ ಇಷ್ಟದ ಸಂಗೀತಕ್ಕೆ ತಾವಾಗಿ ಕನ್ನಡದ ಮಾತು ಹೊಂದಿಸಿ ತಂದಿದ್ದರು. ನಾವು ಅದನ್ನು ಕೇಳಲೂ ಇಲ್ಲ. ಮುಂದಿನ ವರ್ಷ ಅವರು ಜಗಲಿಗೂ ಬಾರದೆ ಹೋದರೆ ತಪ್ಪು ಯಾರದು?

ಬರುವ ಸಭೆಯಲ್ಲಿ ಆ ಇಪ್ಪತ್ತು ನಿಮಿಷಗಳ ಕೋರಿಕೆಯನ್ನು ನಾನೇ ಮತ್ತೆ ಮುಂದಿಡಲಿದ್ದೇನೆ. ಹಾಡು ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆಂದು ಮುಖಕ್ಕೇ ಹೇಳೋಣ. ತರುಣರಿಗೂ ಒಂದು ಮಾತು: ನಿಮ್ಮ ಹಾಡನ್ನು ನಾವು ಪೂರ್ತಿ ಕೇಳುತ್ತೇವೆ; ನೀವು ಹೋಗಿ ಆ ‘ಊಸರವಳ್ಳಿ’ಯನ್ನು ಒಮ್ಮೆ ಪೂರ್ತಿ ಕೇಳಿ ಬನ್ನಿ.