ಹುಳುವಿನ ಮನೆಯ ಗಾಳಿಯೂ ಅಡಿಗೆಯ ಮನೆಯ ಹೊಗೆಯೂ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯ ಒಕ್ಕಲಿನವರು ರೇಷ್ಮೆಹುಳುವಿನ ಮನೆಯ ಗಾಳಿಯ ವಿಷಯದಲ್ಲಿ ವಹಿಸುವ ಎಚ್ಚರಿಕೆಯನ್ನು ಕಣ್ಣಾರೆ ಕಂಡವರು ಮೆಚ್ಚದೆ ಇರಲಾರರು. ಎದುರುಬದುರಾಗಿ ಕಿಟಕಿಗಳು, ಊಜಿ ನೊಣವು ನುಗ್ಗದಂತೆ ಅವಕ್ಕೆ ಬಲೆ, ಹೊಸ್ತಿಲಲ್ಲಿ ಸುಣ್ಣದ ಪುಡಿ, ಒಳಗೆ ಬೀಡಿ ಸೇದಕೂಡದೆಂಬ ಕಟ್ಟಳೆ. ಚಳಿಗಾಲದಲ್ಲಿ ಹುಳುವಿಗೆ ಕಾವು ಕೊಡಬೇಕಾದಾಗ ಅಗ್ಗಿಷ್ಟಿಕೆಯನ್ನು ಹೊರಗೇ ಹೊತ್ತಿಸಿ, ಇದ್ದಲು ಪೂರ್ಣವಾಗಿ ಕೆಂಡವಾಗಿ ಹೊಗೆಯೆಲ್ಲವೂ ಕಳೆದ ಮೇಲೆಯೇ ಒಳಕ್ಕೆ ತರುವರು. ಹೊಗೆ ತಾಕಿದ ಹುಳು ಮೇವು ಬಿಡುವುದೆಂದೂ, ಚಂದ್ರಿಕೆಗೆ ಹತ್ತಿದ ಹುಳುವಿಗೆ ಗಾಳಿ ಸಾಲದಿದ್ದರೆ ಗೂಡು ಕೆಡುವುದೆಂದೂ ಇಲ್ಲಿನ ಹುಡುಗರು ಸಹ ಬಲ್ಲರು.

ಅದೇ ಅಂಗಳದಲ್ಲಿ, ಹತ್ತು ಮಾರು ದೂರದಲ್ಲಿ, ಆ ಮನೆಯ ಹೆಂಗಸರು ಅಡಿಗೆ ಮಾಡುವ ಕೋಣೆ ಇರುತ್ತದೆ. ಅದರ ಸ್ಥಿತಿಯನ್ನು ಕುರಿತು ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ಎರಡು ಮಾತುಗಳನ್ನು ವಿಜ್ಞಾಪಿಸಿಕೊಳ್ಳಬೇಕೆಂದು ಬಹುದಿನಗಳಿಂದ ಎಣಿಸಿದ್ದೆನು.

ಕಳೆದ ಮಾಘಮಾಸದಲ್ಲಿ ಹಿಪ್ಪುನೇರಳೆ ತೋಟವೊಂದನ್ನು ನೋಡಲು ಹೋಗಿದ್ದಾಗ, ಯಜಮಾನರು ಉಪಚಾರಕ್ಕಾಗಿ ಮನೆಯೊಳಕ್ಕೆ ಕರೆದರು. ಅಡಿಗೆಯ ಮನೆಗೆ ಅಂಗೈಯಗಲದ ಒಂದೇ ಗವಾಕ್ಷಿ. ಮನೆಯಾಕೆಯು ಮುದ್ದೆಯ ಮಡಕೆಯನ್ನು ಕವೆಗೋಲಿನಿಂದ ಒತ್ತಿಹಿಡಿದು ತೊಳಸುತ್ತಿದ್ದರು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಒಲೆಗೆ ಮೂರು ಮೊಳ ದೂರದ ತೊಟ್ಟಿಲಲ್ಲಿ ಮೊಮ್ಮಗು ಕೆಮ್ಮುತ್ತಿತ್ತು. ಮೂಲೆಯಲ್ಲಿ ಗ್ಯಾಸಿನ ಒಲೆಯೊಂದು ಬಟ್ಟೆ ಹೊದ್ದು ಕುಳಿತಿತ್ತು. ವಿಚಾರಿಸಲಾಗಿ ಯಜಮಾನರು, "ನೆಂಟರು ಬಂದರೆ ಕಾಫಿಗೆ ಅದೇ ಸ್ವಾಮಿ. ಮುದ್ದೆಗೂ ಸ್ನಾನದ ಹಂಡೆಗೂ ಸೌದೆಯೇ ಸರಿ. ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿದೆಯಲ್ಲಾ, ಕಾಸು ಕೊಟ್ಟು ಸಿಲಿಂಡರು ಏಕೆ ತರಬೇಕು?" ಎಂದರು. ಇದು ಒಂದು ಮನೆಯ ಮಾತಲ್ಲ. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ಬಂದಿತು. ಆದರೆ ಸಿಲಿಂಡರು ಬಂದುದರಿಂದಲೇ ಹೊಗೆ ಹೋಗಲಿಲ್ಲ. ಸಿಲಿಂಡರಿಗೆ ಗಂಡಸಿನ ಜೇಬಿನಿಂದ ಹಣ ಹೋಗಬೇಕು. ಸೌದೆಗಾದರೋ ಹೆಂಗಸಿನ ಬೆನ್ನು ಸಾಕು. ಯಾವುದು ಅಗ್ಗವೆಂಬುದನ್ನು ನಿರ್ಣಯಿಸುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಗಾಳಿಯಾಡದ ಕೋಣೆಯಲ್ಲಿ ಸೌದೆ ಅಥವಾ ಕುಳ್ಳು ಉರಿಸಿದರೆ ಹೊಗೆಯ ಸೂಕ್ಷ್ಮಕಣಗಳು ಆರೋಗ್ಯಕ್ಕೆ ತಕ್ಕ ಮಿತಿಯ ನೂರು ಪಾಲಿನವರೆಗೂ ಏರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಪ್ರಪಂಚದಲ್ಲಿ ಸುಮಾರು ೩೨ ಲಕ್ಷ ಜನರು ಮೃತರಾದರೆಂದೂ, ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ ೨,೩೭,೦೦೦ಕ್ಕೂ ಹೆಚ್ಚೆಂದೂ ಅದರ ಅಂದಾಜು. ಶಿಶುಗಳಿಗೆ ನ್ಯುಮೋನಿಯಾ, ದೊಡ್ಡವರಿಗೆ ತೀರದ ಕೆಮ್ಮು ಉಬ್ಬಸ, ಹೆಂಗಸರಿಗೆ ಕಣ್ಣಿನ ಪೊರೆ: ಇವೆಲ್ಲಕ್ಕೂ ಒಲೆಯ ಹೊಗೆಯು ಕಾರಣವಾಗುತ್ತದೆ.

ವ್ಯವಸಾಯದ ದೃಷ್ಟಿಯಿಂದಲೂ ಒಂದು ಮಾತುಂಟು. ಕುಳ್ಳು ತಟ್ಟುವ ರೂಢಿ ನಮ್ಮಲ್ಲಿ ತಗ್ಗಿದೆಯಾದರೂ ನಿಂತಿಲ್ಲ. ಸಗಣಿಯನ್ನು ಸುಟ್ಟರೆ ಅದರ ಸಾರಜನಕವು ಗಾಳಿಯ ಪಾಲಾಗಿ ಬರಿಯ ಬೂದಿ ಉಳಿಯುತ್ತದೆ. ರೈತನು ಸಗಣಿ ಸುಡುವುದು ಮೌಢ್ಯದಿಂದಲ್ಲ, ಸೌದೆಯ ಅಭಾವದಿಂದ ಎಂದು ವೋಲ್ಕರ್ ಸಾಹೇಬರು ೧೮೯೩ರ ತಮ್ಮ ವರದಿಯಲ್ಲಿಯೇ ವಾದಿಸಿದ್ದರು. ಅವರ ಮಾತು ಆಗ ನಿಜ. ಈಗ ಆ ನೆಪವಿಲ್ಲ. ನೀರಾವರಿಯ ಹಿಪ್ಪುನೇರಳೆಗೆ ಹೆಕ್ಟೇರಿಗೆ ವರ್ಷಕ್ಕೆ ೨೦ ಟನ್ನು ಕೊಟ್ಟಿಗೆ ಗೊಬ್ಬರ ಬೇಕು. ಐದು ರಾಸುಗಳ ಸಗಣಿ ದಿನಕ್ಕೆ ೫೦ ಕಿಲೋಗ್ರಾಮಿನಂತೆ ಎಣಿಸಿದರೆ ವರ್ಷಕ್ಕೆ ಹಸಿಸಗಣಿಯೇ ೧೮ ಟನ್ನಾಯಿತು. ಇಷ್ಟು ಸಗಣಿಯು ೨ ಘನಮೀಟರಿನ ಗೋಬರ್ ಗ್ಯಾಸ್ ಸ್ಥಾವರಕ್ಕೆ ಸಾಕು. ಸಾಧಾರಣ ಸಂಸಾರದ ಅಡಿಗೆಯೂ ಆಗುತ್ತದೆ. ಹೊರಬರುವ ಬಗ್ಗಡದಲ್ಲಿ ಸಾರಜನಕವೂ ಉಳಿದು ತೋಟಕ್ಕೆ ಹೋಗುತ್ತದೆ.

ಇದು ಪುಸ್ತಕದ ಮಾತೆಂದು ತಳ್ಳಿಹಾಕುವವರು ನೆರೆಯ ಬಾಗೇಪಲ್ಲಿಯ ಕಡೆ ನೋಡಬಹುದು. ಅಲ್ಲಿನ ಕೂಲಿ ಸಂಘದವರು ೫,೫೦೦ ಕುಟುಂಬಗಳಿಗೆ ತಲಾ ೨ ಘನಮೀಟರಿನ ಸ್ಥಾವರಗಳನ್ನು ಕಟ್ಟುವ ಯೋಜನೆಯನ್ನು ೨೦೦೫ರಲ್ಲಿ ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ನೋಂದಾಯಿಸಿ, ಉಳಿದ ಇಂಗಾಲದ ಲೆಕ್ಕವನ್ನು ಪರದೇಶದವರಿಗೆ ಮಾರಿ ವೆಚ್ಚವನ್ನು ತುಂಬಿಕೊಳ್ಳುವ ಏರ್ಪಾಡು ಮಾಡಿದರು. ಒಂದೆರಡು ಹಸುಗಳ ಸಣ್ಣ ಹಿಡುವಳಿಯವರು ಕೈಹಾಕಿದ ಕೆಲಸಕ್ಕೆ, ಕೊಟ್ಟಿಗೆಯ ತುಂಬ ಸೀಮೆಹಸು ಕಟ್ಟಿರುವವರು ಹಿಂಜರಿಯುವುದು ನನಗಂತೂ ಸರಿಯಾಗಿ ಕಾಣದು.

ರಾಸುಗಳಿಲ್ಲದ ಕೂಲಿಯವರ ಮನೆಗೆ ಈ ಉಪಾಯ ಒದಗದು. ಅವರು ಜಮೀನುದಾರರ ತೋಟದ ಕಡ್ಡಿಯನ್ನೇ ಹೊತ್ತು ತಂದು ಉರಿಸುವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯು ಇಂಥವರಿಗೆ ತಕ್ಕುದು. ಅದು ಸೌದೆಯನ್ನೂ ಉಳಿಸುತ್ತದೆ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನ ಮೇಲಕ್ಕೂ ಒಯ್ಯುತ್ತದೆ. ಹಿಂದೆ ಸರ್ಕಾರದವರು ೧೯೮೩ರಿಂದ ೨೦೦೨ರವರೆಗೆ ದೇಶಾದ್ಯಂತ ಸುಧಾರಿತ ಒಲೆಗಳನ್ನು ಹಂಚಿದರಾದರೂ, ಎಷ್ಟೋ ಕಡೆ ಅವು ಬಾಳಲಿಲ್ಲ. ಒಲೆಯ ಬಾಯಿ ಅಳತೆ ತಪ್ಪಿದರೆ, ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆಯು ಮನೆಯೊಳಕ್ಕೇ ತಿರುಗುತ್ತದೆ; ಆಗ ಮನೆಯಾಕೆಯು ಅದನ್ನು ಒಡೆದುಹಾಕಿದರೆ ತಪ್ಪು ಆಕೆಯದಲ್ಲ. ಒಲೆ ಹಾಕುವವನು ಅಳತೆ ಬಲ್ಲವನಾಗಿರಬೇಕು, ವರ್ಷಕ್ಕೆರಡು ಸಲ ಮತ್ತೆ ಬಂದು ನೋಡಬೇಕು. ಕೊಳವೆಯಿಂದ ಹೊರಬಿದ್ದ ಹೊಗೆ ಬೀದಿಯಲ್ಲಿಯೇ ಸುಳಿಯುವುದಾದ್ದರಿಂದ ಇದನ್ನು ಪೂರ್ಣ ಪರಿಹಾರವೆಂದು ನಾನು ಹೇಳೆನು.

ಒಲೆಯ ಹೊಗೆಯಿಂದ ಬೀಜದ ತೆನೆಗೆ ಹುಳು ಹಿಡಿಯುವುದಿಲ್ಲವೆಂದು ಹಿರಿಯರು ಆಕ್ಷೇಪಿಸುವುದುಂಟು. ನಿಜವೇ. ನಮ್ಮ ತಾಯಿಯವರೂ ಜೋಳದ ತೆನೆಗಳನ್ನು ಒಲೆಯ ಮೇಲೆಯೇ ಕಟ್ಟುತ್ತಿದ್ದರು. ಅವರ ಕೆಮ್ಮು ನಮಗೆಲ್ಲ ಮನೆಯ ಗಡಿಯಾರದಂತೆ ಅಭ್ಯಾಸವಾಗಿಹೋಗಿತ್ತು. ಬೀಜವನ್ನು ಚೆನ್ನಾಗಿ ಒಣಗಿಸಿ ಬೂದಿ ಬೆರಸಿ ಮುಚ್ಚಿಟ್ಟರೂ ಉಳಿಯುತ್ತದೆ.

ಗ್ರಾಮದ ಮುಖಂಡರು ಸದ್ಯಕ್ಕೆ ಇಷ್ಟನ್ನು ನಡೆಸಿಕೊಡಬಹುದು. ಪಂಚಾಯಿತಿಯಿಂದ ಮಂಜೂರಾಗುವ ಹೊಸ ಮನೆಗಳ ಅಡಿಗೆಯ ಕೋಣೆಗೆ ಎದುರುಬದುರು ಕಿಟಕಿಯಿಲ್ಲದಿದ್ದರೆ ಒಪ್ಪಬಾರದು. ತೋಟದ ಕಡ್ಡಿಯನ್ನು ಕೂಲಿಯವರಿಗೆ ಕೊಡುವಾಗ ತುಂಡರಿಸಿ ಒಣಗಿಸಿ ಕೊಡಲಿ. ಹಸಿಯ ಕಡ್ಡಿಯ ಹೊಗೆ ಇಮ್ಮಡಿ ಕೆಟ್ಟದ್ದು. ಗ್ಯಾಸಿನ ಒಲೆಯಿರುವ ಮನೆಯ ಯಜಮಾನರು ಅದರ ಮೇಲಿನ ಬಟ್ಟೆಯನ್ನು ತೆಗೆಯಲಿ.

ಇನ್ನು ಮುಂದೆ ತೋಟ ನೋಡಲು ಕರೆದ ಮನೆಗಳಲ್ಲಿ, ತೋಟಕ್ಕೆ ಹೋಗುವ ಮುನ್ನ ಅಡಿಗೆಯ ಮನೆಯನ್ನು ತೋರಿಸಬೇಕೆಂದು ನಾನು ಕೇಳುವವನಿದ್ದೇನೆ. ಯಜಮಾನರು ಅನ್ಯಥಾ ಭಾವಿಸಬಾರದಾಗಿ ಕೋರುತ್ತೇನೆ.